ಅಯ್ನೋರ ಮನೆ ಗಾಡಿ

ಮಧುಗಿರಿಯ ಚನ್ನಮಲ್ಲಯ್ಯನವರ ಮನೆಯಲ್ಲಿ ಕಾರಿನ ಮಾತು ಹುಟ್ಟಿದ್ದು ಬಸ್ಸಿನಿಂದ. ಅವರ ಮೊಮ್ಮಗಳು ಭುವನಾ ಗಂಡನ ಊರಾದ ವೈ.ಎನ್.ಹೊಸಕೋಟೆಯಿಂದ ಹಬ್ಬಕ್ಕೆಂದು ಹೊರಟವಳು ಪಾವಗಡದಲ್ಲಿ ಬಸ್ಸು ಬದಲಿಸಿ, ಸೀಟು ಸಿಗದೆ ನಿಂತೇ ಬಂದು, ಮಧುಗಿರಿಯಲ್ಲಿ ಇಳಿದ ಕೂಡಲೇ ತಲೆ ಸುತ್ತಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಸಿದಳು. ಐದು ತಿಂಗಳ ಬಸುರಿ. ಕರೆದುಕೊಂಡು ಹೋಗಲು ಬಂದಿದ್ದ ಅಪ್ಪ ಪ್ರಭುದೇವ್‌ ಹತ್ತಿರ ಇದ್ದದ್ದು ಒಂದು ಸ್ಕೂಟರು. ಮಗಳನ್ನು ಹಿಂದೆ ಕೂರಿಸಿಕೊಂಡು ಗುಂಡಿ ತಪ್ಪಿಸುತ್ತಾ ಮನೆ ಮುಟ್ಟುವಷ್ಟರಲ್ಲಿ ಅವನ ಜೀವ ಬಾಯಿಗೆ ಬಂದಿತ್ತು.

ಸಂಜೆ ಊಟಕ್ಕೆ ಕೂತಾಗ ಅವನ ಹೆಂಡತಿ ಲೋಹಿತಾ ಮುದ್ದೆ ಬಡಿಸುತ್ತಲೇ ತೀರ್ಮಾನ ಹೇಳಿಬಿಟ್ಟಳು.

“ಏಳನೇ ತಿಂಗಳಿಗೆ ಇವಳನ್ನ ಹೆರಿಗೆಗೆ ಕರ್ಕೊಂಡು ಬರಬೇಕು. ಬಸ್ಸಲ್ಲಿ ಆಗೋ ಮಾತಲ್ಲ. ನನ್ನ ಚೀಟಿ ದುಡ್ಡು ಬರ್ತಾ ಇದೆ, ಒಂದು ಹಳೇ ಕಾರು ತಗೊಳ್ಳೋಣ.”

“ಬಾಡಿಗೆ ಕಾರು ಮಾಡ್ಕೊಂಡ್ರೆ ಸಾಲ್ದೇನೆ?” ಎಂದರು ಅತ್ತೆ ಕಮಲಾಕ್ಷಮ್ಮ.

“ಕರ್ಕೊಂಡು ಬರೋಕೆ ಒಂದು ಸಲ. ಆಮೇಲೆ ತುಮಕೂರಿಗೆ ತೋರ್ಸೋಕೆ ತಿಂಗಳು ತಿಂಗಳು. ನಿಮ್ಮ ಮಂಡಿನೋವಿಗೆ ಬೇರೆ. ಎಷ್ಟು ಸಲ ಅಂತ ಬಾಡಿಗೆ ಕೊಡೋದು ಅತ್ತೆ?”

ಪ್ರಭುದೇವ್ ಹುರುಳಿಕಾಳಿನ ಸಾರಿಗೆ ಮುದ್ದೆ ಅದ್ದಿ ಅದ್ದಿ ನುಂಗುತ್ತಾ ಸುಮ್ಮನಿದ್ದ. ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಅವನಿಗೆ ಕಾರಿನ ಆಸೆ ಮೊದಲಿನಿಂದಲೂ ಇತ್ತು. ಹೆಂಡತಿಯ ಬಾಯಿಂದಲೇ ಬರಲಿ ಎಂದು ಕಾದಿದ್ದವನು. ಬಂತಲ್ಲ, ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಚನ್ನಮಲ್ಲಯ್ಯನವರು ಮಾತ್ರ “ನೋಡ್ರಪ್ಪ, ನಿಮ್ಮಿಷ್ಟ” ಎಂದು ಎದ್ದರು. ಅವರು ಜಂಗಮರು. ಸುತ್ತಿನ ಹಳ್ಳಿಗಳಲ್ಲಿ ಗೃಹಪ್ರವೇಶ, ನಾಮಕರಣ ಎಂದರೆ ಜನ ಅವರನ್ನೇ ಕರೆಯುತ್ತಾರೆ. ಈಗೀಗ ಎಲ್ಲಕ್ಕಿಂತ ಹೆಚ್ಚು ನಡೆಯುವುದು ಗಾಡಿಪೂಜೆ. ಟ್ರ್ಯಾಕ್ಟರು, ಆಟೋ, ಬೈಕು ಯಾವುದು ಬಂದರೂ ಮೊದಲು ಅಯ್ನೋರ ಮನೆ ಬಾಗಿಲಲ್ಲಿ ನಿಂತು ನಿಂಬೆಹಣ್ಣು ತುಳಿದೇ ಮುಂದೆ ಹೋಗುವುದು. ಆ ಮನೆಗೆ ಒಂದು ಹಳೆಯ ಕಟ್ಟುಪಾಡಿದೆ. ಭಕ್ತರು ಕೊಟ್ಟ ಪಡಿಯನ್ನು ಕೊಟ್ಟವರ ಎದುರು ಬಿಚ್ಚಿ ನೋಡಬಾರದು. ಅಕ್ಕಿಯಲ್ಲಿ ಹುಳ ಇದ್ದರೂ ಸರಿ, ಬೇಳೆ ಮುಗ್ಗಿದ್ದರೂ ಸರಿ, ಜೋಳಿಗೆಗೆ ಹಾಕಿಸಿಕೊಂಡು ಹರಸಿ ಬರಬೇಕು. ಆ ಹುಳ ಆರಿಸುವ ಕೆಲಸ ಮಾತ್ರ ಮದುವೆಯಾಗಿ ಬಂದಂದಿನಿಂದ ಲೋಹಿತಾಳ ಪಾಲಿಗೆ ಬಿದ್ದಿದೆ. ಕಟ್ಟುಪಾಡು ಗಂಡಸರದು, ಮೊರ ಹೆಂಗಸರದು.

ಸುದ್ದಿ ಹೇಗೆ ಹಬ್ಬಿತೋ, ವಾರದೊಳಗೆ ಬಡವನಹಳ್ಳಿಯ ಕಾಡಸಿದ್ದಪ್ಪ ಮನೆಗೆ ಬಂದ. ಹುಣಸೆಹಣ್ಣಿನ ವ್ಯಾಪಾರಿ, ಅಯ್ನೋರ ಹಳೆಯ ಭಕ್ತ. ಪಾದ ಮುಟ್ಟಿ ನಮಸ್ಕಾರ ಮಾಡಿ ಜಗಲಿಯ ಮೇಲೆ ಕೂತ.

“ಬೇರೆ ಕಡೆ ಯಾಕೆ ಹುಡುಕ್ತೀರಿ ಅಯ್ನೋರೆ? ನಮ್ದೇ ಐತಲ್ಲ. ನವೀನನ ಮದುವೆಗೆ ಅಂತ ಹೊಸ ಗಾಡಿ ತಂದ್ಬುಟ್ವಿ. ಹಳೇದು ಸುಮ್ನೆ ನಿಂತದೆ.”

“ಆ ಬಿಳೀದಾ?” ಎಂದರು ಚನ್ನಮಲ್ಲಯ್ಯ.

“ಊಂ, ಅದೇಯ.”

ಚನ್ನಮಲ್ಲಯ್ಯನವರು ಮತ್ತೇನೂ ಕೇಳಲಿಲ್ಲ. ಕಾಡಸಿದ್ದಪ್ಪ ಹೇಳಿದ ಬೆಲೆ ಕೇಳಿ ಪ್ರಭುದೇವ್ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟ. ಇಷ್ಟು ಕಡಿಮೆಗೆ ತುಮಕೂರಿನಲ್ಲಿ ಇದಕ್ಕಿಂತ ಹಳೆಯ ಗಾಡಿಯೂ ಸಿಕ್ಕುತ್ತಿರಲಿಲ್ಲ.

ಲೋಹಿತಾ ಕೆಲಸ ಮಾಡುವ ಸಹಕಾರ ಸಂಘದಲ್ಲಿ ಶ್ರೀಲತಾ ಎಂಬ ಗೆಳತಿ ಇದ್ದಳು. ಹಳೆಯ ಕಾರು ಕೊಂಡು ಕೈ ಸುಟ್ಟುಕೊಂಡವಳು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಪಾಠ ಹೇಳಿದಳು. “ಬೆಳಿಗ್ಗೆ ಹೋಗು, ಇಂಜಿನ್ ತಣ್ಣಗಿರಬೇಕು. ಅವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ರೆ ಏನೋ ಮುಚ್ಚಿಡ್ತಾ ಇದಾರೆ ಅಂತಾನೇ ಅರ್ಥ. ಬಾಗಿಲ ಸಂದು ಎರಡೂ ಕಡೆ ಒಂದೇ ಸಮ ಇದೆಯಾ ನೋಡು. ಡಿಕ್ಕಿಯ ಮ್ಯಾಟ್ ಎತ್ತಿ ನೋಡು. ಟೈರು ಒಂದೇ ಕಡೆ ಸವೆದಿದ್ರೆ ಬೇಡ. ಕೀ ತಿರುಗಿಸಿದಾಗ ಕೆಂಪು ದೀಪಗಳೆಲ್ಲ ಒಂದು ಸಲ ಹತ್ತಿ ಆರಬೇಕು. ಏರ್‌ಬ್ಯಾಗಿನ ಚಿತ್ರ ಇರುತ್ತಲ್ಲ, ಅದು ಹತ್ತಲೇ ಇಲ್ಲ ಅಂದ್ರೆ ಏನೋ ಮೋಸ ಅಂತ ತಿಳ್ಕೋ. ನಿಮ್ಮೋರಿಗೆ ಇವೆಲ್ಲ ತಿಳಿಯಲ್ಲ, ಅವರು ಹಾಡು ಬರುತ್ತಾ ಅಂತ ನೋಡ್ತಾರೆ.”

ಶ್ರೀಲತಾ ಹೇಳಿದ್ದು ಅಕ್ಷರಶಃ ನಿಜವಾಯಿತು. ಬಡವನಹಳ್ಳಿಗೆ ಹೋದಾಗ ಪ್ರಭುದೇವ್ ಮೊದಲು ಒತ್ತಿದ್ದೇ ಹಾಡಿನ ಗುಂಡಿ. ಕಾಡಸಿದ್ದಪ್ಪನ ಮಗ ನವೀನ್ ಕುಮಾರ್ ಗಾಡಿಯನ್ನು ಮೊದಲೇ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದ. ಲೋಹಿತಾ ಬಾಗಿಲ ಸಂದಿಗೆ ಬೆರಳಿಟ್ಟು ನೋಡಿದಳು. ಎಡಗಡೆ ಬೆರಳು ತೂರಿತು, ಬಲಗಡೆ ತೂರಲಿಲ್ಲ.

“ನವೀನ್, ಒಂದ್ಸಲ ಆಫ್ ಮಾಡಿ ಕೀ ಹಾಕಪ್ಪ. ಆ ದೀಪಗಳು…”

“ಲೋಹಿತಾ.” ಜೊತೆಗೆ ಬಂದಿದ್ದ ಮಾವನ ದನಿ ಕಾಡಸಿದ್ದಪ್ಪನ ಜಗಲಿಯಿಂದ ಬಂತು. “ಸಾಕು ಬಾ.”

“ಬರೀ ನೋಡ್ತೀನಿ ಅಷ್ಟೇ ಮಾವ.”

“ಭಕ್ತರು ಕೊಡೋದನ್ನ ಅವರ ಮನೆ ಅಂಗಳದಲ್ಲೇ ತಿರುವಿ ಹಾಕಿ ನೋಡ್ತಾರೇನು? ನಮ್ಮ ಮನೆಯೋರು ಯಾವತ್ತಾದ್ರೂ ಅಂಗೆ ಮಾಡಿದ್ದುಂಟಾ?”

“ಪಡಿ ಅಲ್ಲ ಮಾವ ಇದು, ದುಡ್ಡು ಕೊಟ್ಟು ತಗೊಳ್ತಿರೋದು.”

ಪ್ರಭುದೇವ್ ಹೆಂಡತಿಯ ಕಡೆ ಕಣ್ಣು ಕೆಕ್ಕರಿಸಿದ. ಕಾಡಸಿದ್ದಪ್ಪನ ಹೆಂಡತಿ ಒಬ್ಬಟ್ಟು ತಂದಿಟ್ಟಳು. ಒಬ್ಬಟ್ಟು ಬಾಯಲ್ಲಿಟ್ಟುಕೊಂಡು ಯಾರು ಯಾರ ಗಾಡಿಯ ಅಡಿಗೆ ಬಗ್ಗಿ ನೋಡುತ್ತಾರೆ? ಹೊತ್ತು ಇಳಿಯುವುದರೊಳಗೆ ಕಾರು ಮಧುಗಿರಿಗೆ ಬಂತು.

ಆಮೇಲಿನ ವಾರಗಳು ಚೆನ್ನಾಗಿಯೇ ಕಳೆದವು. ಒಂದು ಭಾನುವಾರ ಸಿರಾಕ್ಕೆ ಹೋಗಿ ಹುಟ್ಟಲಿರುವ ಮಗುವಿಗೆಂದು ಮೆತ್ತನೆಯ ಬಟ್ಟೆ ತಂದರು. ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. “ಎಲ್ಲ ಗಾಡೀನೂ ಒಂದೊಂದು ಕಡೆ ಎಳೆಯುತ್ತೆ” ಎಂದ ಪ್ರಭುದೇವ್. ಏರ್‌ಬ್ಯಾಗಿನ ದೀಪ ಹತ್ತುತ್ತಿರಲಿಲ್ಲ. “ಬಲ್ಬ್ ಹೋಗಿರಬೇಕು” ಎಂದ.

“ಬಲ್ಬ್ ಹೋಗಿದ್ರೆ ಹಾಕ್ಸಿ. ಭುವನಾನ ಕರ್ಕೊಂಡು ಬರೋಕೆ ಮುಂಚೆ ಒಂದ್ಸಲ ಗ್ಯಾರೇಜಿಗೆ ತೋರ್ಸಿ ಅಂತ ಎಷ್ಟು ಸಲ ಹೇಳೋದು ನಿಮಗೆ?”

“ಅಪ್ಪಾಜಿ ಪೂಜೆ ಮಾಡಿರೋ ಗಾಡಿ ಕಣೇ. ನಿನಗೆ ಆ ಶ್ರೀಲತಾ ಹುಚ್ಚು ಹಿಡಿಸಿದಾಳೆ.”

ಒಂದು ವಿಷಯ ಮಾತ್ರ ಕಮಲಾಕ್ಷಮ್ಮನಿಗೂ ಸೋಜಿಗವೆನಿಸಿತ್ತು. ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳವಾಡುತ್ತಿದ್ದ ಯಜಮಾನರು ಕಾರಿನ ಮುಂದಿನ ಸೀಟಿನಲ್ಲಿ ಒಂದು ದಿನವೂ ಕೂರಲಿಲ್ಲ.

ಕೊರಟಗೆರೆಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ನಾಲ್ವರೂ ಬರುತ್ತಿದ್ದರು. ಪ್ರಭುದೇವ್ ಓಡಿಸುತ್ತಿದ್ದ, ಪಕ್ಕದಲ್ಲಿ ಲೋಹಿತಾ, ಹಿಂದೆ ಮುದುಕರಿಬ್ಬರು. ಮೊಮ್ಮಗಳನ್ನು ಕರೆತರುವ ದಿನ ಹತ್ತಿರವಾಗಿತ್ತು. ಸೀಮಂತಕ್ಕೆ ಯಾವ ಸೀರೆ, ಎಷ್ಟು ಜನ ಎಂದು ಮಾತು ನಡೆದಿತ್ತು. ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಪ್ರಭುದೇವ್ ಬ್ರೇಕು ತುಳಿದು, ಅಂಗೈಯಿಂದ ಹಾರನ್ನಿಗೆ ಗುದ್ದಿದ. ಹಾರನ್ ಕೂಗಲಿಲ್ಲ. ಸ್ಟೇರಿಂಗಿನ ನಡುವಿನ ಮುಚ್ಚಳ ಕಿತ್ತು ಬಂದು ತೊಡೆಯ ಮೇಲೆ ಬಿತ್ತು.

ಕುರಿಗಳು ದಾಟಿಹೋದವು. ಗಾಡಿ ನಿಂತೇ ಇತ್ತು. ಮುಚ್ಚಳದ ಅಂಚಿನಲ್ಲಿ ಒಣಗಿದ ಅಂಟು ಹಳದಿಯಾಗಿ ಕಾಣುತ್ತಿತ್ತು. ಏರ್‌ಬ್ಯಾಗ್ ಇರಬೇಕಾದ ಜಾಗ ಬರೀ ಪೊಟರೆ. ಅದರೊಳಗೆ ಕಾವಿಬಟ್ಟೆಯ ಒಂದು ಗಂಟು ತುರುಕಿದ್ದರು.

ಪ್ರಭುದೇವ್ ಅದನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆಳೆದ. ಹಿಂದಿನಿಂದ ಕಮಲಾಕ್ಷಮ್ಮ ಕೈ ಚಾಚಿದರು.

“ಕೊಡಿಲ್ಲಿ.”

ಗಂಟನ್ನು ತಿರುಗಿಸಿ ನೋಡಿದರು. ಅಯ್ನೋರು ಪೂಜೆ ಮಾಡಿಕೊಡುವ ರಕ್ಷೆಯ ಗಂಟುಗಳನ್ನೆಲ್ಲ ಹೊಲಿಯುವುದು ಅವರೇ. ಬಾಯಿಗೆ ಎರಡೆಳೆ ದಾರ, ಮೂಲೆಯಲ್ಲಿ ಮಡಿಚಿ ಹಾಕುವ ಅಡ್ಡ ಹೊಲಿಗೆ.

“ಇದು ನನ್ನ ಹೊಲಿಗೆ,” ಎಂದರು. ಆಮೇಲೆ ಗಂಡನ ಕಡೆ ತಿರುಗಿದರು. “ಕಾರ್ತೀಕದಲ್ಲಿ ದೊಡ್ಡದೊಂದು ಹೊಲ್ಕೊಡು ಅಂದ್ರಲ್ಲ. ಯಾರಿಗೆ ಅಂದ್ರೆ ಹೇಳ್ಲಿಲ್ಲ ನೀವು. ಇದಕ್ಕೇನ್ರೀ?”

ಚನ್ನಮಲ್ಲಯ್ಯನವರು ಕಿಟಕಿಯಾಚೆ ನೋಡುತ್ತಿದ್ದರು.

“ಮಾವ,” ಎಂದಳು ಲೋಹಿತಾ. “ನಿಮಗೆ ಗೊತ್ತಿತ್ತಾ?”

“ಮನೆಗೆ ನಡಿ ಪ್ರಭು.”

“ಇಲ್ಲೇ ಹೇಳಿ ಮಾವ. ಈ ಗಾಡಿ ಗುದ್ದಿತ್ತಾ?”

ಮುದುಕರು ಒಂದೊಂದೇ ಮಾತು ಹೇಳಿದರು. ಕಾರ್ತೀಕದಲ್ಲಿ ನವೀನ್ ಕುಮಾರ್ ಹುಣಸೆಮರಕ್ಕೆ ಗಾಡಿ ಗುದ್ದಿದ್ದ. ಮುಂಭಾಗ ಅಪ್ಪಚ್ಚಿಯಾಗಿತ್ತು. ಹುಡುಗ ಬದುಕಿದ. ಆಗ ತಾನೇ ಹೆಣ್ಣು ಗೊತ್ತಾಗಿತ್ತು. ಕುಡಿದು ಗುದ್ದಿದ ಎಂದು ಬೀಗರಿಗೆ ತಿಳಿದರೆ ಮದುವೆ ಮುರಿದು ಬೀಳುತ್ತದೆಂದು ಊರಿಗೇ ಗೊತ್ತಾಗದಂತೆ ಮುಚ್ಚಿದರು. ಗಾಡಿ ರಿಪೇರಿಯಾಗಿ ಬಂದಮೇಲೆ ಅಯ್ನೋರನ್ನು ಕರೆಸಿ ಶಾಂತಿ ಮಾಡಿಸಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡರು.

“ದೋಷ ಎಲ್ಲ ಕಳ್ದಿದ್ದೆ ಕಣಮ್ಮ,” ಎಂದರು ಚನ್ನಮಲ್ಲಯ್ಯ. “ಶಾಸ್ತ್ರಕ್ಕೆ ಒಂದು ಚೂರೂ ಕಮ್ಮಿ ಮಾಡಿಲ್ಲ. ಗಂಟು ಕಟ್ಟಿದ್ದೂ ನಿಜ. ಆದ್ರೆ ಅದನ್ನ ಇದರೊಳಗೆ ಇಟ್ಟಿದಾರೆ, ಆ ಬಲೂನು ತೆಗೆದು ಇದನ್ನ ಇಟ್ಟಿದಾರೆ ಅಂತ ನನಗೆ ಗೊತ್ತಿರಲಿಲ್ಲ.”

“ಗುದ್ದಿದ ಗಾಡಿ ಅಂತ ಗೊತ್ತಿತ್ತಲ್ಲ!” ಲೋಹಿತಾ ಕೂಗಿದಳು. “ನನ್ನ ಬಸುರಿ ಮಗಳನ್ನ ಇದರಲ್ಲಿ ಕೂರಿಸಿಕೊಂಡು ಬರ್ತೀವಿ ಅಂತ ಗೊತ್ತಿತ್ತಲ್ಲ!”

ಕೋಪವೆಂದರೆ ಇಂಥ ಕೋಪ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಮಾವನ ಎದುರು ದನಿ ಎತ್ತಿದವಳಲ್ಲ. ಬಾಗಿಲು ತೆಗೆದು ಇಳಿದು ರಸ್ತೆಯಲ್ಲಿ ನಿಂತಳು. ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಕೊಂಡು ಒಬ್ಬಳೇ ಮನೆಗೆ ಹೋದಳು.

ಮರುದಿನ ಪ್ರಭುದೇವ್ ಕಾಡಸಿದ್ದಪ್ಪನಿಗೆ ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ. ಆ ಕಡೆಯಿಂದ ಬಂದ ದನಿಯಲ್ಲಿ ಅಪರಾಧವಿರಲಿಲ್ಲ, ಬೆರಗಿತ್ತು.

“ಅಯ್ನೋರಿಗೆ ಎಲ್ಲ ಗೊತ್ತಿತ್ತಲ್ಲಪ್ಪ! ಅದ್ಕೇ ಅಲ್ವಾ ಕಮ್ಮಿಗೆ ಕೊಟ್ಟಿದ್ದು? ಆ ಬಲೂನು ಹೊಸಾದು ಹಾಕ್ಸೋಕೆ ಬಾಳ ಕೇಳಿದ್ರು. ಮೆಕ್ಯಾನಿಕ್ಕು ಖಾಲಿ ಜಾಗಕ್ಕೆ ಹಳೇ ಬಟ್ಟೆ ತುರುಕ್ತೀನಿ ಅಂದ. ಬ್ಯಾಡ ಕಣಪ್ಪ, ಅಯ್ನೋರು ಕೊಟ್ಟ ಗಂಟೇ ಇಡು ಅಂದೆ. ಅದಕ್ಕಿಂತ ಇನ್ನೇನು ಬೇಕು?”

“ನಿಮ್ಮ ಮಗ ಉಳಿದಿದ್ದು ಏತರಿಂದ ಯಜಮಾನ್ರೇ?” ಲೋಹಿತಾ ಫೋನಿನ ಹತ್ತಿರ ಬಗ್ಗಿ ಕೇಳಿದಳು.

“ಆ ಬಲೂನಿಂದಲೇ ಕಣಮ್ಮ,” ಎಂದ ಕಾಡಸಿದ್ದಪ್ಪ, ದನಿ ಇಳಿಸಿ.

ದುಡ್ಡು ವಾಪಸು ಕೊಡುವ ಮಾತಿಗೆ ಮದುವೆಗೆ ಖರ್ಚಾಯಿತೆಂದು ಫೋನಿಟ್ಟ.

ಭುವನಾಳನ್ನು ಕರೆತರುವ ದಿನ ಬಂದಾಗ ಪ್ರಭುದೇವ್ “ಏರ್‌ಬ್ಯಾಗ್ ಇಲ್ಲದ ಗಾಡಿ ಊರಲ್ಲಿ ಎಷ್ಟು ಓಡಲ್ಲ?” ಎಂದು ರಾಗ ತೆಗೆದ. ಲೋಹಿತಾ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಡಿಗೆ ಕಾರು ಮಾಡಿಕೊಂಡು ಹೋಗಿ ಮಗಳನ್ನು ಕರೆತಂದಳು. ದಾರಿಯಲ್ಲೇ ಎಲ್ಲ ಹೇಳಿದಳು. ಭುವನಾ ಮನೆಯೊಳಗೆ ಕಾಲಿಟ್ಟವಳು ಅಜ್ಜಿಯನ್ನು ಅಪ್ಪಿಕೊಂಡಳು, ತಾತನ ಪಾದ ಮುಟ್ಟಲು ಬಗ್ಗಲಿಲ್ಲ.

“ನಾನು ಅದರಲ್ಲಿ ಬರ್ತೀನಿ ಅಂತ ನಿಮಗೆ ಗೊತ್ತಿತ್ತಲ್ಲ ತಾತ,” ಎಂದಳು ಅಷ್ಟೇ.

ಅಂದಿನಿಂದ ಚನ್ನಮಲ್ಲಯ್ಯನವರ ಊಟ ಅರ್ಧವಾಯಿತು. ಕಮಲಾಕ್ಷಮ್ಮ ತಟ್ಟೆ ಮುಂದಿಟ್ಟು ಮಾತಾಡದೆ ಒಳಗೆ ಹೋಗುತ್ತಿದ್ದರು. ಗಂಟು ಹೊಲಿಯುವ ಸೂಜಿದಾರ ಮುಟ್ಟಲಿಲ್ಲ.

ಇಷ್ಟರಲ್ಲಿ ಪ್ರಭುದೇವ್ ಒಂದು ಉಪಾಯ ಹುಡುಕಿದ. ಸ್ಟೇರಿಂಗಿನ ಮುಚ್ಚಳ ಮತ್ತೆ ಅಂಟಿಸಿ ತಂದ. ಹೊಳೆಯುವಂತೆ ಪಾಲಿಶ್ ಮಾಡಿಸಿದ. ಮಿಡಿಗೇಶಿ ಕಡೆಯ ಹಟ್ಟಿಯ ಮಾರಣ್ಣ ಕುರಿ ಮಾರಿ ಕಾರು ನೋಡುತ್ತಿದ್ದಾನೆಂದು ತಿಳಿದು ಹೇಳಿಕಳಿಸಿದ.

“ಏನ್ರೀ ಮಾಡ್ತಿದ್ದೀರಿ ನೀವು?” ಎಂದಳು ಲೋಹಿತಾ.

“ನಿನ್ನ ಚೀಟಿ ದುಡ್ಡು ಕಣೇ. ಹೋದ್ರೆ ಹೋಗ್ಲಿ ಅಂತೀಯಾ? ಹೇಳು, ಬೇಡ ಅಂತೀನಿ.”

ಅವಳು ಬಾಯಿ ತೆರೆದಳು. ತಿಂಗಳು ತಿಂಗಳು ಸಂಬಳದಲ್ಲಿ ಹಿಡಿದಿಟ್ಟು ಕಟ್ಟಿದ ಚೀಟಿ. ಮಗಳ ಹೆರಿಗೆ ಮುಂದಿದೆ. ಬೇಡವೆನ್ನದೆ ಅಡಿಗೆಮನೆಗೆ ಹೋದಳು. ಅಷ್ಟು ಕೂಗಾಡಿದವಳು ಸುಮ್ಮನಾದೆನಲ್ಲ ಎಂದು ಅವಳಿಗೇ ದಿಗಿಲಾಯಿತು.

ಮಾರಣ್ಣ ಬಂದಾಗ ಜೊತೆಗೆ ಹೆಂಡತಿ ಕೊಲ್ಲಾಪುರಮ್ಮ, ಮಗ ಶಿವರಾಜು, ಸೊಸೆ ಮಂಗಳಗೌರಿ, ಅವಳ ಕಂಕುಳಲ್ಲಿ ಮಗು. ಶಿವರಾಜು ಲಗೇಜ್ ಆಟೋ ಓಡಿಸುವವನು, ಎಲ್ಲರೂ ಅದರಲ್ಲೇ ಬಂದಿದ್ದರು. ಕೆಳಗಿಳಿದವನೇ ಬಗ್ಗಿ ಟೈರು ನೋಡಲು ಹೋದ.

“ಲೇ, ಏಳ್ಲಾ ಮ್ಯಾಕೆ!” ಗದರಿದ ಮಾರಣ್ಣ. “ಅಯ್ನೋರ ಮನೆ ಗಾಡಿ ಕಣ್ಲಾ. ನೋಡೋದೇನೈತೆ ಬುಡು.”

ಲೋಹಿತಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಪ್ರಭುದೇವ್ ಮುಂದಿನ ಬಾಗಿಲು ತೆಗೆದು “ಕೂತ್ಕೊಳಮ್ಮ, ಸೀಟು ನೋಡು ಹೆಂಗಿದೆ” ಎಂದ. ಮಂಗಳಗೌರಿ ನಗುತ್ತಾ ಹತ್ತಿ ಕೂತಳು. ಮಗುವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಳು. ಮಗು ಎರಡೂ ಕೈಯಿಂದ ಮುಂದಿನ ಹಲಗೆ ಬಡಿಯತೊಡಗಿತು.

ಚನ್ನಮಲ್ಲಯ್ಯನವರು ಜಗಲಿಯಿಂದ ಎದ್ದರು. ಚಪ್ಪಲಿ ಮೆಟ್ಟದೆ ಬಿಸಿಲಿಗೆ ಬಂದರು.

“ಮಾರಣ್ಣ, ಆ ಮಗೀನ ಕೆಳಗಿಳಿಸು.”

“ಯಾಕ್ ಬುದ್ಧಿ?”

“ಇಳಿಸು ಅಂದೆ. ಈ ಗಾಡಿ ಮರಕ್ಕೆ ಗುದ್ದಿರೋದು. ಗುದ್ದಿದಾಗ ಜೀವ ಉಳಿಸೋ ಚೀಲ ಇರ್ತದಲ್ಲ, ಅದು ಇದರಲ್ಲಿಲ್ಲ. ಆ ಮುಚ್ಚಳ ನನ್ನ ಮಗ ಅಂಟಿಸಿ ತಂದಿದಾನೆ.”

“ಅಪ್ಪಾಜಿ!” ಎಂದ ಪ್ರಭುದೇವ್.

“ನೀನು ಸುಮ್ನಿರು. ನನಗೆ ಮೊದಲಿಂದ ಗೊತ್ತಿತ್ತು ಮಾರಣ್ಣ. ನನ್ನ ಮನೆಯೋರಿಗೇ ಹೇಳಿರಲಿಲ್ಲ ನಾನು.”

ಲೋಹಿತಾಳಿಗೆ ಅಳು ಬಂತು. ತಾನು ಆಡಬೇಕಿದ್ದ ಮಾತು ಅದು. ಮಾರಣ್ಣ ಕಾರನ್ನೊಮ್ಮೆ, ಅಯ್ನೋರನ್ನೊಮ್ಮೆ ನೋಡಿದ. ಆಮೇಲೆ ಅವನ ಮುಖ ಸಡಿಲವಾಯಿತು. ಹಲ್ಲು ಬಿಟ್ಟು ನಕ್ಕ.

“ಅಷ್ಟೇಯಾ ಬುದ್ಧಿ? ನಾನು ಏನೋ ಅಂತ ಎದೆ ಒಡ್ಕೊಂಡಿದ್ದೆ. ನಿಮ್ಮ ಕೈಯಾರ ಒಂದು ಗಂಟು ಕಟ್ಕೊಟ್ಬುಡಿ, ಸಾಕು. ಅದಿದ್ರೆ ನಮಗ್ಯಾಕೆ ಆ ಚೀಲ?”

ಚನ್ನಮಲ್ಲಯ್ಯನವರು ಕಾರಿನ ಬಾಗಿಲಿಗೆ ಕೈ ಊರಿದರು. ಭುವನಾ ಓಡಿಬಂದು ತೋಳು ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದರೇನೋ. ಐವತ್ತು ವರ್ಷದಿಂದ ಜನ ತಮ್ಮ ಮೇಲಿಟ್ಟ ನಂಬಿಕೆ ನೋಡಿ ಅವರು ಹೆದರಿದ್ದು ಅದೇ ಮೊದಲು.

“ಮಾರಣ್ಣ,” ಎಂದರು. “ಆ ಗಂಟಲ್ಲಿರೋದು ಒಂದು ಹಿಡಿ ವಿಭೂತಿ, ನಾಲ್ಕು ಒಣಗಿದ ಪತ್ರೆ. ಗಾಡಿ ಗುದ್ದಿದ್ರೆ ಅದು ಯಾರ್ನೂ ಹಿಡ್ಕೊಳಲ್ಲ ಕಣಪ್ಪ. ಯಾರ್ನೂ ಹಿಡ್ಕೊಳಲ್ಲ.”

“ಏನಂದ್ರಿ?” ಒಳಗಿನಿಂದ ಕಮಲಾಕ್ಷಮ್ಮ ಚೀರಿದರು.

ಕೊಲ್ಲಾಪುರಮ್ಮ ಎರಡೂ ಕಿವಿ ಮುಚ್ಚಿಕೊಂಡಳು. “ಅಂಗನ್ಬ್ಯಾಡಿ ಬುದ್ಧಿ, ನಿಮ್ಮ ಬಾಯಲ್ಲಿ ಅಂಥ ಮಾತು ಬರಬಾರ್ದು!”

ಮಂಗಳಗೌರಿ ಸದ್ದಿಲ್ಲದೆ ಮಗುವನ್ನು ಎತ್ತಿಕೊಂಡು ಇಳಿದು ಗಂಡನ ಪಕ್ಕ ಹೋಗಿ ನಿಂತಳು. ಮಾರಣ್ಣ ಹೆಗಲ ಟವೆಲ್ಲು ಕೊಡವಿ, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಲಗೇಜ್ ಆಟೋ ಕಡೆ ನಡೆದ. ಎಂದೂ ಅಯ್ನೋರ ಪಾದ ಮುಟ್ಟದೆ ಆ ಅಂಗಳ ಬಿಟ್ಟವನಲ್ಲ. ಗಾಡಿ ಹತ್ತಬೇಕೆನ್ನುವಾಗ ಅದರ ಕನ್ನಡಿಯ ಕೆಳಗೆ ಅವನ ಕಣ್ಣು ನೆಟ್ಟಿತು. ಅಲ್ಲಿ ಯುಗಾದಿಗೆ ಕಟ್ಟಿಸಿಕೊಂಡಿದ್ದ ಗಂಟು ತೂಗುತ್ತಿತ್ತು. ಹಿಂದೆ ಕುರಿ ತುಂಬಿ, ಮೇಲೆ ಮನೆಮಂದಿ ಕೂತು, ವರ್ಷವಿಡೀ ಓಡಿದ ಗಾಡಿ.

ಅವನು ಅಲ್ಲಿಂದಲೇ ತಿರುಗಿ ಕೇಳಿದ.

“ಅಂಗಾದ್ರೆ ಇದು, ಬುದ್ಧಿ? ನಮ್ಮ ಹುಡುಗ ದಿನಾ ಇದನ್ನ ನಂಬ್ಕೊಂಡೇ ಓಡಿಸ್ತಾವ್ನಲ್ಲ?”

ಎಲ್ಲರೂ ಮುದುಕರನ್ನೇ ನೋಡಿದರು. ಭುವನಾ ಹಿಡಿದಿದ್ದ ತೋಳನ್ನು ಅವರು ಮೆಲ್ಲಗೆ ಬಿಡಿಸಿಕೊಂಡರು.

“ಬ್ರೇಕು ನೋಡಿಸಪ್ಪ,” ಎಂದರು. “ಇವತ್ತೇ ನೋಡಿಸು.”